ಹೊಸ ಕಾರು, 85 ದಾಟಿದರೆ ಸ್ಟೇರಿಂಗ್ ನಡುಗುತ್ತದೆ: ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ

ಪ್ರಶ್ನೆ (ಕುಂಬಳೆಯಿಂದ): ಎಲ್ಲರಿಗೂ ನಮಸ್ಕಾರ. ಹೊಸ ಹ್ಯಾಚ್‌ಬ್ಯಾಕ್, ಓಡಿದ್ದು 1,400 ಕಿ.ಮೀ. ಟಯರ್ 185/65 ಆರ್15, ಕಂಪೆನಿಯದ್ದೇ ಅಲಾಯ್. ಬದಿಯಡ್ಕ ಕಡೆಯ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ತಲಪಾಡಿ–ಚೆಂಗಳ ಆರು ಪಥಕ್ಕೆ ಹತ್ತಿ 85 ದಾಟಿದ ಕೂಡಲೇ ಸ್ಟೇರಿಂಗ್ ನಡುಗಲು ಸುರು. 95ರ ಹತ್ತಿರ ಜೋರು, ಅದನ್ನೂ ದಾಟಿದರೆ ಸ್ವಲ್ಪ ಕಡಿಮೆ. ಮೊದಲ ಸರ್ವಿಸಿನಲ್ಲಿ ಹೇಳಿದ್ದಕ್ಕೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿ ಕೊಟ್ಟರು, ಏನೂ ಬದಲಾಗಲಿಲ್ಲ. "ಹೊಸ ಟಯರಲ್ವಾ, ಓಡ್ತಾ ಓಡ್ತಾ ಸರಿಯಾಗ್ತದೆ" ಅಂತಾರೆ. ಹೌದಾ?

ಉತ್ತರ (ಟಯರ್ ಮತ್ತು ವೀಲ್ ತಂತ್ರಜ್ಞ): ಅಲೈನ್‌ಮೆಂಟಿಗೂ ಈ ನಡುಕಕ್ಕೂ ಸಂಬಂಧ ಇಲ್ಲ ಅಣ್ಣ. ಅಲೈನ್‌ಮೆಂಟ್ ತಪ್ಪಿದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟಯರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಸ್ಟೇರಿಂಗ್ ನಡುಗಬೇಕಾದರೆ ತಿರುಗುವ ವಸ್ತುವಿನಲ್ಲೇ ಏನಾದರೂ ಹೆಚ್ಚುಕಮ್ಮಿ ಇರಬೇಕು: ಒಂದು ಬದಿ ಭಾರ, ಇಲ್ಲವೇ ಸರಿಯಾಗಿ ದುಂಡಗಿಲ್ಲ, ಇಲ್ಲವೇ ಹಬ್‌ನ (ಕಾರಿನಲ್ಲಿ ಚಕ್ರ ಕೂರುವ ಭಾಗ) ಮೇಲೆ ನಡುವಿಗೆ ಕೂತಿಲ್ಲ.

ನಿಮ್ಮ ಅಳತೆಯ ಟಯರ್ 95ರ ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಬರೇ 20 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಹತ್ತಿರ ಹತ್ತಿರ 3 ಕಿಲೋದ ಎಳೆತ ಪ್ರತಿ ಸುತ್ತಿಗೂ ಬೀಳುತ್ತದೆ. ವೇಗ ಅರ್ಧವಾದರೆ ಆ ಎಳೆತ ನಾಲ್ಕನೇ ಒಂದು ಪಾಲಿಗೆ ಇಳಿಯುವುದರಿಂದ ಊರೊಳಗೆ ಗೊತ್ತಾಗುವುದಿಲ್ಲ. ಚಕ್ರದ ಸುತ್ತು ಸಸ್ಪೆನ್ಷನ್ ಮತ್ತು ಸ್ಟೇರಿಂಗಿನ ಸ್ವಂತ ಕಂಪನಕ್ಕೆ ತಾಳೆಯಾಗುವ ವೇಗದಲ್ಲಿ ನಡುಕ ಜೋರಾಗಿ, ಅದನ್ನು ದಾಟಿದ ಮೇಲೆ ಇಳಿಯುತ್ತದೆ. ನೀವು ಹೇಳಿದ್ದು ಪಕ್ಕಾ ಇದೇ.

"ಓಡ್ತಾ ಸರಿಯಾಗ್ತದೆ" ಎಂಬ ಮಾತು ಒಂದೇ ಸಂದರ್ಭಕ್ಕೆ ಹೊಂದುತ್ತದೆ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟಯರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಅದು ಹಗುರದ್ದಾದರೆ ಇಪ್ಪತ್ತು–ಮೂವತ್ತು ಕಿ.ಮೀ. ಓಡಿ ಟಯರ್ ಬಿಸಿಯಾದ ಮೇಲೆ ಹೋಗುತ್ತದೆ. 1,400 ಕಿ.ಮೀ. ಆದರೂ ಹೋಗದ್ದು ಇನ್ನು ತಾನಾಗಿ ಹೋಗುವುದಿಲ್ಲ.

ಮೊದಲು ಇಷ್ಟು ನೋಡಿ ಹೇಳಿ. ನಡುಗುವ ವೇಗದಲ್ಲಿ ಮೆಲ್ಲ ಬ್ರೇಕ್ ಒತ್ತಿದರೆ ಹೆಚ್ಚಾಗುತ್ತದಾ? ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದಾ? ಸ್ಟೇರಿಂಗ್ ಮಾತ್ರವೋ, ಸೀಟೂ ನಡುಗುತ್ತದೋ? ಬೆಳಗ್ಗೆ ಕಾರು ತೆಗೆಯುವ ಮೊದಲು ಗಾಳಿ ಎಷ್ಟಿತ್ತು?

ಪ್ರಶ್ನಿಸಿದವರು: ಬ್ರೇಕ್ ಒತ್ತಿದರೂ ಅಷ್ಟೇ, ಹೆಚ್ಚಾಗುವುದಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಅದೇ ವೇಗದಲ್ಲಿ ಉಂಟು. ಸೀಟಿಗೆ ಗೊತ್ತಾಗುವುದಿಲ್ಲ. ಗಾಳಿ ನಾಲ್ಕರಲ್ಲೂ 40–41 ಪಿಎಸ್‌ಐ. ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ 33 ಅಂತ ಉಂಟು.

ಉತ್ತರ (ಟಯರ್ ಮತ್ತು ವೀಲ್ ತಂತ್ರಜ್ಞ): ಹಾಗಾದರೆ ಅರ್ಧ ದಾರಿ ಮುಗಿಯಿತು. ಬ್ರೇಕಿಗೆ ಮಾತ್ರ ಬರುವ ನಡುಕ ಡಿಸ್ಕಿನದ್ದು. ವೇಗ ಏರಿಸುವಾಗ ಮಾತ್ರ ಬಂದು ಕಾಲು ತೆಗೆದರೆ ಹೋಗುವುದು ಹೆಚ್ಚಾಗಿ ಡ್ರೈವ್ ಶಾಫ್ಟಿನ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡ) ಒಳಜಾಯಿಂಟಿನದ್ದು. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ. ನಿಮ್ಮದು ವೇಗಕ್ಕೆ ಮಾತ್ರ, ಸ್ಟೇರಿಂಗಿಗೆ ಮಾತ್ರ ಬರುವುದರಿಂದ ಮುಂದಿನ ಎರಡು ಚಕ್ರಗಳನ್ನೇ ಹಿಡಿಯಬೇಕು.

40 ಗಾಳಿ ಎಂದರೆ ಲಾರಿಯಲ್ಲಿ ಬರುವಾಗ, ಯಾರ್ಡಿನಲ್ಲಿ ನಿಲ್ಲುವಾಗ ಹಾಕಿದ್ದೇ ಉಳಿದಿದೆ. ಡೆಲಿವರಿಗೆ ಮೊದಲು ಇಳಿಸಬೇಕಿತ್ತು. ಇದೇ ಮೂಲ ಕಾರಣ ಅಲ್ಲದಿದ್ದರೂ ಟಯರ್ ಗಟ್ಟಿಯಾಗಿ ಸಣ್ಣ ದೋಷವನ್ನೂ ಕೈಗೆ ದಾಟಿಸುತ್ತದೆ. ಟಯರ್ ತಣ್ಣಗಿರುವಾಗ 33ಕ್ಕೆ ತನ್ನಿ.

ಆಮೇಲೆ ಜಾಕ್ ಹಾಕಿ ರಿಮ್ಮಿನ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಸರ್ವಿಸ್ ರೋಡಿನ ಕೆಂಪು ಕೆಸರು ಮಳೆಗಾಲದಲ್ಲಿ ಒಳಗೆ ಮೆತ್ತಿ, ಒಣಗಿ, ಮುರಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಹೊರಗಿನಿಂದ ತೊಳೆದರೆ ಹೋಗುವುದಿಲ್ಲ. ಅಂಥ ಒಂದು ಹೆಂಟೆ 40–50 ಗ್ರಾಂ ಸುಲಭವಾಗಿ ಬರುತ್ತದೆ. ಎಷ್ಟೋ ಕಾರುಗಳ ನಡುಕ ಇಲ್ಲಿಗೇ ಮುಗಿಯುತ್ತದೆ. ಚಕ್ರದ ಭಾರ ಎಲ್ಲ ಕಡೆ ಸಮ ಮಾಡಲು (ಬ್ಯಾಲೆನ್ಸಿಂಗ್) ರಿಮ್ಮಿಗೆ ಅಂಟಿಸಿದ ಸಣ್ಣ ತೂಕ ಬಿದ್ದುಹೋದ ಗುರುತು, ಅಂದರೆ ಚೌಕಾಕಾರದ ಅಂಟು ಮಾತ್ರ ಉಳಿದಿದೆಯಾ ಅಂತಲೂ ನೋಡಿ.

ಸದಸ್ಯರು (ಉಪ್ಪಳ): ನೈಟ್ರೋಜನ್ ಹಾಕಿಸಿದರೆ ನಡುಕ ಹೋಗ್ತದೆ ಅಂತಾರಲ್ಲ?

ಉತ್ತರ (ಟಯರ್ ಮತ್ತು ವೀಲ್ ತಂತ್ರಜ್ಞ): ಹೋಗುವುದಿಲ್ಲ. ಗಾಳಿ ಇಳಿಯುವುದು ಸ್ವಲ್ಪ ನಿಧಾನ ಆಗಬಹುದು, ಅಷ್ಟೇ.

ಪ್ರಶ್ನಿಸಿದವರು: ಕೆಸರು ಇತ್ತು, ಬಿಡಿಸಿ ತೊಳೆದೆ. ಗಾಳಿ 33 ಮಾಡಿದೆ. ಸ್ವಲ್ಪ ಕಡಿಮೆ, ಆದರೆ 95ಕ್ಕೆ ಇನ್ನೂ ಉಂಟು. ಬ್ಯಾಲೆನ್ಸಿಂಗ್ ಮಾಡಿಸುವಾಗ ಏನು ಗಮನಿಸಬೇಕು? ಮೆಷಿನಿನಲ್ಲಿ ಸೊನ್ನೆ ಬಂದರೆ ಸಾಕಲ್ಲವಾ?

ಉತ್ತರ (ಟಯರ್ ಮತ್ತು ವೀಲ್ ತಂತ್ರಜ್ಞ): ಸಾಲದು. ಚಕ್ರವನ್ನು ಓರೆಯಾಗಿ ಸಿಕ್ಕಿಸಿದರೂ ಮೆಷಿನ್ ಸೊನ್ನೆ ತೋರಿಸುತ್ತದೆ. ಅದು ಆ ಓರೆಗೆ ಬಂದ ಸೊನ್ನೆ, ಕಾರಿಗೆ ಹಾಕಿದಾಗ ಪ್ರಯೋಜನಕ್ಕಿಲ್ಲ. ಹಾಗಾಗಿ ಹತ್ತಿರ ನಿಂತು ನೋಡಿ. ಹಳೆ ತೂಕಗಳನ್ನೆಲ್ಲ ತೆಗೆಸಬೇಕು, ಟಯರಿನ ಗೆರೆಗಳಲ್ಲಿ ಸಿಕ್ಕಿದ ಜಲ್ಲಿ ತೆಗೆಯಬೇಕು. ರಿಮ್ಮಿನ ನಡು ತೂತಿಗೆ ಸರಿಯಾದ ಕೋನ್ (ಚಕ್ರವನ್ನು ಮೆಷಿನಿನ ನಡುವಿಗೆ ಕೂರಿಸುವ ತುಂಡು) ಹಾಕಬೇಕು, ಹೆಚ್ಚಿನ ಅಲಾಯ್‌ಗಳಿಗೆ ಅದು ಒಳಬದಿಯಿಂದ. ಮೆಷಿನಿನ ಅಲಾಯ್ ಮೋಡಿನಲ್ಲಿ ಎರಡು ಕಡೆಯ ಓದು (ರೀಡಿಂಗ್) ಬರಬೇಕು.

ಸೊನ್ನೆ ಬಂದ ಮೇಲೆ ಒಂದು ಪರೀಕ್ಷೆ ಕೇಳಿ ಮಾಡಿಸಿ. ಮೆಷಿನಿನಲ್ಲಿ ಚಕ್ರ ಹಿಡಿದಿರುವ ನಟ್ಟು ಸಡಿಲಿಸಿ, ಮೆಷಿನಿನ ಶಾಫ್ಟ್ ಅಲುಗದಂತೆ ಹಿಡಿದು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಪುನಃ ಬಿಗಿದು ಓಡಿಸಿ. 5 ಗ್ರಾಂ ಒಳಗೆ ಬಂದರೆ ಸರಿ. 15–20 ಬಂದರೆ ಚಕ್ರ ನಡುವಿಗೆ ಕೂತಿಲ್ಲ, ಹಾಕಿದ ತೂಕವೆಲ್ಲ ಸುಳ್ಳು. ಇದಕ್ಕೆ ಎರಡು ನಿಮಿಷ ಸಾಕು, ಆದರೂ ಕೇಳದೆ ಮಾಡುವವರು ಕಡಿಮೆ.

ಅಂಟಿಸುವ ಜಾಗ ತೊಳೆದು, ಒರಸಿ, ಒಣಗಿರಬೇಕು. ಒದ್ದೆ ರಿಮ್ಮಿಗೆ ಅಂಟಿಸಿದ ತೂಕ ನಮ್ಮ ಮಳೆಗೆ ನಿಲ್ಲುವುದಿಲ್ಲ. ಇಷ್ಟು ಸಣ್ಣ ಚಕ್ರಕ್ಕೆ 60–70 ಗ್ರಾಂ ಕೇಳಿದರೆ ತೂಕ ಹಾಕಿ ಮುಚ್ಚಬೇಡಿ. ಟಯರೋ ರಿಮ್ಮೋ ತಪ್ಪಿದೆ.

ಕಾರಿಗೆ ಪುನಃ ಹಾಕುವಾಗ ಹಬ್‌ನ ಮುಖದ ತುಕ್ಕನ್ನು ವೈರ್ ಬ್ರಶ್ಶಿನಲ್ಲಿ ತೆಗೆಯಬೇಕು. ಕಡಲ ಗಾಳಿಗೆ ಹೊಸ ಕಾರಿನಲ್ಲೂ ತುಕ್ಕು ಬೇಗ. ನಟ್ಟುಗಳನ್ನು ಮೊದಲು ಕೈಯಲ್ಲಿ ಪೂರ್ತಿ ತಿರುಗಿಸಿ, ಎದುರುಬದುರು ಕ್ರಮದಲ್ಲಿ ಬಿಗಿದು, ಕೊನೆಗೆ ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ಬಿಗಿಯುವ ಸ್ಪ್ಯಾನರ್). ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮದು ಕೈಪಿಡಿಯಲ್ಲಿ ಉಂಟು. ಏರ್ ಗನ್ ಹಿಡಿದು ಒಂದೊಂದೇ ನಟ್ಟನ್ನು ಗಟ್ಟಿ ಮಾಡುತ್ತಾ ಹೋದರೆ ಚಕ್ರ ಓರೆ ಕೂರುತ್ತದೆ, ಡಿಸ್ಕೂ ಸೊಟ್ಟಗಾಗಿ ಮುಂದೆ ಬ್ರೇಕಿಗೆ ನಡುಕ ಬರುತ್ತದೆ.

ಸದಸ್ಯರು (ಮುಳ್ಳೇರಿಯ, ವರ್ಕ್‌ಶಾಪ್): ಇಷ್ಟಾದರೂ ಇದ್ದರೆ ಮುಂದಿನ ಚಕ್ರ ಹಿಂದೆ, ಹಿಂದಿನದು ಮುಂದೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಅದೇ ಬದಿಯಲ್ಲಿ ಬದಲಿಸಿ, ಒಂದೇ ದಿಕ್ಕಿಗೆ ತಿರುಗಬೇಕಾದ ಟಯರ್ ಆಗಿದ್ದರೆ ಇದು ಮುಖ್ಯ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಹೋದರೆ ದೋಷ ಚಕ್ರದಲ್ಲೇ. ಸ್ಟೇರಿಂಗಿನಲ್ಲೇ ಉಳಿದರೆ ಹಬ್, ಡಿಸ್ಕ್, ಶಾಫ್ಟ್ ನೋಡಬೇಕು. ಈ ಪರೀಕ್ಷೆಗೆ ಸ್ಟೆಪ್ನಿ ಬಳಸಬೇಡಿ. ಈಗಿನ ಕಾರುಗಳಲ್ಲಿ ಅದು ಅನೇಕ ಬಾರಿ ಸಣ್ಣ ಅಳತೆಯದ್ದು, 80 ಕಿ.ಮೀ. ಮಿತಿ ಅದರ ಮೇಲೆಯೇ ಬರೆದಿರುತ್ತದೆ.

ಪ್ರಶ್ನಿಸಿದವರು: ಬ್ಯಾಲೆನ್ಸಿಂಗ್ ಆಯಿತು, ಅರ್ಧ ಸುತ್ತು ತಿರುಗಿಸಿದರೂ ನಾಲ್ಕೂ 5ರ ಒಳಗೆ. ಆದರೂ ಉಂಟು. ಎಡ ಬದಿಯದ್ದನ್ನು ಹಿಂದೆ ಹಾಕಿದ ಮೇಲೆ ಸ್ಟೇರಿಂಗ್ ಶಾಂತ, ಸೀಟಿನಡಿ ಸಣ್ಣ ನಡುಕ.

ಉತ್ತರ (ಟಯರ್ ಮತ್ತು ವೀಲ್ ತಂತ್ರಜ್ಞ): ಹಾಗಾದರೆ ಆ ಚಕ್ರದ ತೂಕ ಸರಿ, ದುಂಡಗೆ ಇಲ್ಲ. ಅದನ್ನು ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಸ್ಕ್ರೂಡ್ರೈವರನ್ನು ಟಯರಿನ ಮೇಲ್ಮೈಗೆ ತಾಗಿಯೂ ತಾಗದಂತೆ ಗಟ್ಟಿಯಾಗಿ ನಿಲ್ಲಿಸಿ, ಕೈಯಲ್ಲಿ ಮೆಲ್ಲ ತಿರುಗಿಸಿ. ನಡುವಿನ ಸಂದು 1 ಮಿ.ಮೀ. ಒಳಗೆ ಬದಲಾದರೆ ಬಿಡಿ, 1.5 ಮೀರಿದರೆ ಅದೇ ಕಾರಣ. ರಿಮ್ಮಿನ ಅಂಚಿಗೂ ಹೀಗೆಯೇ ನೋಡಿ, ಅಲ್ಲಿ ಅರ್ಧ ಮಿ.ಮೀ. ದಾಟಬಾರದು. ಡಯಲ್ ಗೇಜ್ (ಇಂಥ ಸಣ್ಣ ಏರಿಳಿತ ಅಳೆಯುವ ಮಾಪಕ) ಇದ್ದರೆ ಒಳ್ಳೆಯದು.

ರಿಮ್ ಆ ಮಿತಿಯೊಳಗಿದ್ದು ಟಯರ್ ಏರಿಳಿದರೆ ಗಾಳಿ ತೆಗೆದು, ರಿಮ್ಮಿನ ಮೇಲೆ ಟಯರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಪುನಃ ಬ್ಯಾಲೆನ್ಸ್ ಮಾಡಿಸಬೇಕು. ಟಯರಿನ ಎತ್ತರ ರಿಮ್ಮಿನ ತಗ್ಗಿಗೆ ಬಂದರೆ ಒಂದಕ್ಕೊಂದು ವಜಾ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ ಟಯರ್ ಬದಲಾಗಬೇಕು. ಟಯರಿನ ವಾರಂಟಿ ಸಾಮಾನ್ಯವಾಗಿ ಟಯರ್ ಕಂಪೆನಿಯದ್ದೇ ಆದರೂ ಕ್ಲೇಮನ್ನು ಶೋರೂಂ ಮೂಲಕವೇ ಹಾಕಿಸಿ.

ಜಾಬ್ ಕಾರ್ಡಿನಲ್ಲಿ (ಶೋರೂಮಿನವರು ನಿಮ್ಮ ದೂರು ಬರೆದುಕೊಳ್ಳುವ ಚೀಟಿ) "ವೈಬ್ರೇಶನ್" ಎಂಬ ಒಂದೇ ಪದ ಬರೆಯಲು ಬಿಡಬೇಡಿ. "85ರಿಂದ ಸುರು, 95ಕ್ಕೆ ಹೆಚ್ಚು, ಬ್ರೇಕಿಗೆ ಸಂಬಂಧ ಇಲ್ಲ, ಎಡ ಮುಂದಿನ ಚಕ್ರ ಹಿಂದಕ್ಕೆ ಹಾಕಿದರೆ ಸ್ಟೇರಿಂಗ್ ಸರಿ" ಎಂದು ಬರೆಸಿ, ಬ್ಯಾಲೆನ್ಸಿಂಗ್ ಓದುಗಳನ್ನೂ ಸೇರಿಸಿ, ಪ್ರತಿ ಇಟ್ಟುಕೊಳ್ಳಿ. ಸರ್ವಿಸ್ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿ ಹೈವೇಯಲ್ಲೇ ಓಡಿಸಿ ತೋರಿಸಿ, ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಏನೂ ಸಿಗುವುದಿಲ್ಲ. ಇಷ್ಟಾದ ಮೇಲೂ ಮುಂದೂಡುತ್ತಾ ಹೋದರೆ 1915ಕ್ಕೆ ಕರೆ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಆ ಜಾಬ್ ಕಾರ್ಡ್ ಆಗ ಬೇಕಾಗುತ್ತದೆ.