ಗಜನಿಯಲ್ಲಿ ಕಾಂಡ್ಲ ನೆಡಬೇಕಾ, ಕಗ್ಗ ಬಿತ್ತಬೇಕಾ?

ಹೊಳೆಬದಿಯವ:
ಕುಮಟಾ ಹತ್ತಿರ ಅಘನಾಶಿನಿ ಹಿನ್ನೀರಿನ ಪಕ್ಕ ನಮ್ಮದು ಒಂದೂವರೆ ಎಕರೆ ಗಜನಿ, ಅಂದರೆ ಉಬ್ಬರದ ಉಪ್ಪುನೀರು ತಾಗುವ ತಗ್ಗು ಗದ್ದೆ, ಇದೆ. ಅಜ್ಜನ ಕಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕಟ್ಟೆ ಒಡೆದು ಎಂಟು ವರ್ಷ ಆಯ್ತು, ಉಬ್ಬರ ಬಂದಾಗಲೆಲ್ಲ ಉಪ್ಪುನೀರು ನುಗ್ಗಿ ಪಾಳು ಬಿದ್ದಿದೆ. ಈಗ ಒಂದು ಸಂಸ್ಥೆಯವರು ಬಂದು ಇಡೀ ಗಜನಿಗೆ ಕಾಂಡ್ಲ (ಮ್ಯಾಂಗ್ರೋವ್) ನೆಡೋಣ, ಖರ್ಚೆಲ್ಲ ನಮ್ಮದೇ ಅನ್ನುತ್ತಿದ್ದಾರೆ. ಅಪ್ಪ ಸುತಾರಾಂ ಒಪ್ಪುತ್ತಿಲ್ಲ. 2024ರಲ್ಲಿ ಹೊಳೆ ಸಮುದ್ರ ಸೇರುವ ಅಳಿವೆ, ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಜಮೀನೇ ಹೋಗುತ್ತದೆ ಅನ್ನೋ ಗಾಳಿಸುದ್ದಿ ಬೇರೆ. ಏನು ಮಾಡಲಿ?

ಮೂಲೆಮನೆ:
ತಮ್ಮಾ, ರಾಮ್ಸರ್‌ಗೆ ಹೆದರಬೇಡ. ಅದರಿಂದ ಯಾರ ಪಹಣಿಯೂ ಬದಲಾಗುವುದಿಲ್ಲ. ಪಟ್ಟಿಗೆ ಸೇರಿದ 4,801 ಹೆಕ್ಟೇರಿನಲ್ಲಿ ಮೀನು ಹಿಡಿಯೋರು, ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯೋರು ಎಲ್ಲ ಇದ್ದಾರೆ ಅಲ್ವಾ? ಆದರೆ ಗದ್ದೆಯೊಳಗೆ ಕಾಂಡ್ಲ ಒಮ್ಮೆ ಕಾಡಾಗಿ ಎದ್ದರೆ ಮತ್ತೆ ಕಡಿದು ಗದ್ದೆ ಮಾಡೋದು ಕಷ್ಟ, ಕರಾವಳಿ ನಿಯಮ ಅಡ್ಡ ಬರುತ್ತದೆ. ಅಪ್ಪ ಹೇಳೋದರಲ್ಲಿ ಅರ್ಥ ಇದೆ. ಕಟ್ಟೆಯ ಹೊರಗೆ, ಹೊಳೆಯ ಕಡೆಗೆ ನೆಡಿ. ಬೇರು ಅಲೆಯ ಹೊಡೆತ ತಡೆದು ಕಟ್ಟೆ ಉಳಿಸುತ್ತದೆ. ಒಳಗೆ ಕಗ್ಗವೇ ಇರಲಿ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ, ಗೊಬ್ಬರ ಬೇಡ. ತೆನೆ ಮಾತ್ರ ಕೊಯ್ದು ಹುಲ್ಲು ಬಿಟ್ಟರೆ ಆಮೇಲೆ ಅದೇ ಸಿಗಡಿ, ಮೀನಿನ ಊಟ.

ಉಪ್ಪುನೀರು:
ಒಂದು ಮಾತು ಸೇರಿಸುತ್ತೇನೆ. ನಮ್ಮೂರಲ್ಲಿ ಹೀಗೇ ಬಂದವರು ಬಳಚು ಸಿಗುವ ಮರಳುದಿಬ್ಬದ ಮೇಲೇ ಸಾಲಾಗಿ ಸಸಿ ಊರಿ ಫೋಟೋ ತೆಗೆಸಿಕೊಂಡು ಹೋದರು. ಇಳಿತದಲ್ಲಿ ಬುಟ್ಟಿ ಹಿಡಿದು ಹೋದ ನಮ್ಮ ಚಿಕ್ಕಮ್ಮ, ಕಾಲಿಡೋಕೂ ಜಾಗ ಇಲ್ಲ ಅಂತ ಬೈದುಕೊಂಡು ವಾಪಸ್ ಬಂದಳು. ಅರ್ಧ ಸಸಿ ಮಳೆಗಾಲ ದಾಟಲಿಲ್ಲ, ಅದು ಬೇರೆ ವಿಷಯ. ಎಲ್ಲಿ ಕೆಸರು, ಎಲ್ಲಿ ಮರಳು, ಉಬ್ಬರದ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಬಳಚು ತೆಗೆಯೋ ಹೆಂಗಸರಿಗೆ ಗೊತ್ತು. ವಿಜ್ಞಾನಿಗಳು ಉಪ್ಪಿನಂಶ ಅಳೆಯಲಿ, ಬೇಡ ಅನ್ನಲ್ಲ, ಆದರೆ ಜಾಗ ತೋರಿಸೋದು ಇವರಾಗಲಿ.

ಘಟ್ಟದ_ಮೇಲಿನವ:
ಶಿರಸಿಯವನು ನಡುವೆ ಬಾಯಿ ಹಾಕುತ್ತೇನೆ. ನಮ್ಮ ಕಡೆ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳಿರುವ ಕಾಡಿನ ಜೌಗು) ಮುಚ್ಚಿ ಅಡಿಕೆ ತೋಟ ಮಾಡಿದ್ದೇವೆ. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಗೊತ್ತಾಗುತ್ತದೆ. ಕೆಳಗೆ ನಿಮಗೆ ಬರೋ ಸಿಹಿನೀರು ಇಲ್ಲಿಂದಲೇ ಬರಬೇಕು ನೋಡಿ.

ಮೂಲೆಮನೆ:
ಹೌದು. ಇನ್ನೊಂದು, ಒಬ್ಬನೇ ಕಟ್ಟೆ ಕಟ್ಟೋಕಾಗಲ್ಲ ತಮ್ಮಾ. ಗಜನಿಯವರೆಲ್ಲ ಸೇರಬೇಕು.

ಹೊಳೆಬದಿಯವ:
ಹದಿನಾಲ್ಕು ಮನೆ ಇದೆ, ಮೂವರು ಮುಂಬೈಲಿ. ಫೋನ್ ಮಾಡುತ್ತಿದ್ದೇನೆ. ಕಗ್ಗದ ಬೀಜ ಯಾರ ಹತ್ತಿರ ಇದೆ? ಎಕರೆಗೆ ಎಷ್ಟು ಬೇಕು ಅನ್ನೋದು ಅಪ್ಪನಿಗೂ ಮರೆತುಹೋಗಿದೆ.