ನಿಂಬೆಯ ಬೂಷ್ಟಿಗೆ ನಿಂಬೆ ಎಣ್ಣೆಯೇ ಮದ್ದಾ?

ಇಂಡಿ ನಿಂಬೆ:
ನಮ್ಮದು ಇಂಡಿ ಕಡೆ ಎರಡು ಎಕರೆ ನಿಂಬೆ. ದರ ಬಿದ್ದಿದೆ ಅಂತ ನಾಲ್ಕು ಚೀಲ ಹಣ್ಣು ಪಡಸಾಲೆಯಲ್ಲೇ ಇಟ್ಟಿದ್ದೆ. ಐದನೇ ದಿನ ಬಿಚ್ಚಿದರೆ ಬಿಳಿ ಅಂಚು, ನಡುವೆ ಪಾಚಿ ಬಣ್ಣದ ಪುಡಿ. ಮುಟ್ಟಿದರೆ ಬೆರಳು ಒಳಗೇ ಹೋಯಿತು. ಗೆಳೆಯನೊಬ್ಬ ಸಿಪ್ಪೆ ಎಣ್ಣೆ ಬಳಿ ಅಂದ. ಬಾಟಲಿ ತಂದಾಗಿದೆ. ಎಷ್ಟು ಹಾಕಲಿ?

ಮಣ್ಣು ಪ್ರಯೋಗ:
ಅದು ಹಸಿರು ಬೂಷ್ಟು, ಪೆನಿಸಿಲಿಯಂ ಡಿಜಿಟೇಟಮ್. ಸಿಪ್ಪೆಯ ಗಾಯದಿಂದ ಒಳಗೆ ನುಗ್ಗುತ್ತದೆ. ಸಿಪ್ಪೆ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಿಮೊನೀನ್ ಎಂಬ ವಾಸನೆಯ ಅಂಶ. ತಮಾಷೆ ಏನೆಂದರೆ, ಸಿಪ್ಪೆಯ ಆ ವಾಸನೆಗೇ ಈ ಬೂಷ್ಟಿನ ಕಣಗಳು ಚೆನ್ನಾಗಿ ಮೊಳೆಯುತ್ತವೆ. ಅದರ ಮನೆಯೇ ಅದು, ಅಲ್ವಾ! ತಡೆಯುವ ಶಕ್ತಿ ಇರುವುದು ಸಿಟ್ರಲ್ ಎಂಬ ಇನ್ನೊಂದು ವಾಸನೆಯ ಅಂಶಕ್ಕೆ. ಅದು ನಿಂಬೆ ಸಿಪ್ಪೆಯಲ್ಲಿ ಕಡಿಮೆ, ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು.

ಇಂಡಿ ನಿಂಬೆ:
ಅಯ್ಯೋ, ನಿನ್ನೆಯೇ ಹತ್ತು ಹಣ್ಣಿಗೆ ನೀರು ಬೆರೆಸದೆ ಬಳಿದಿದ್ದೆ. ಇವತ್ತು ಕಂದು ಕಲೆ ಬಿದ್ದಿವೆ!

ಕೊಡಗಿನ ಕಿತ್ತಳೆ:
ಎಣ್ಣೆ ಸುಟ್ಟ ಗುರುತು ಅದು. ಯಾವ ಎಣ್ಣೆಯಾದರೂ ಹಾಗೇ ಬಳಿಯಬೇಡಿ. ಇಬ್ಬನಿಯಲ್ಲಿ ಕಿತ್ತರೂ ಹೀಗೇ ಆಗುತ್ತದೆ, ಸಿಪ್ಪೆಯೊಳಗಿನ ಎಣ್ಣೆಯ ಗುಳ್ಳೆಗಳು ಒಡೆದು. ನಾವು ಬಿಸಿಲೇರಿದ ಮೇಲೆ ಕತ್ತರಿಯಿಂದ ತೊಟ್ಟು ಸಮೇತ ಕೊಯ್ಯುತ್ತೇವೆ. ಕೆಟ್ಟ ಹಣ್ಣನ್ನು ಅಲ್ಲೇ ಕೊಡವಬೇಡಿ, ಪುಡಿ ಹಾರಿ ಎಲ್ಲಕ್ಕೂ ಕೂರುತ್ತದೆ. ಒದ್ದೆ ಕಾಗದ ಸುತ್ತಿ ಹೊರಗೆ ಒಯ್ದು ಹೂಳಿ. ನೆಲಕ್ಕೆ ಬಿದ್ದ ಹಣ್ಣೂ ಚೀಲದಲ್ಲಿತ್ತಾ?

ಇಂಡಿ ನಿಂಬೆ:
ಇತ್ತು ಅಣ್ಣಾರೆ, ಅರ್ಧ ಚೀಲ ಅದೇ. ಸುಮ್ನೆ ಎಣ್ಣೆಗೆ ದುಡ್ಡು ಸುರಿದೆ. ಬಾಟಲಿಯನ್ನು ಮನೆಯವಳು ನೆಲ ಒರೆಸುವ ನೀರಿಗೆ ಅಂತ ಆಗಲೇ ಎತ್ತಿಟ್ಟಿದ್ದಾಳೆ.