ಕಾಲಿಗೆ ಶೇ.32, ಕಣ್ಣಿಗೆ ಶೇ.30: ಅಂಗವಿಕಲ ವೇತನ ಸಿಗುತ್ತದೆಯೇ? ತಿರಸ್ಕಾರವಾದರೆ ಮೇಲ್ಮನವಿ ಎಲ್ಲಿ?

ಕೆರೆಏರಿ:
ನಮಸ್ಕಾರ. ನಮ್ಮ ಪಂಚಾಯಿತಿಯ ಇಬ್ಬರ ವಿಷಯದಲ್ಲಿ ತಿಳಿದವರ ಸಲಹೆ ಬೇಕು.

ಮೊದಲನೆಯವರು 52 ವರ್ಷದ ಗಂಡಸು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗಾಲು ಸಣ್ಣಗಾಗಿದೆ, ಸುಮಾರು ಎರಡು ಇಂಚು ಗಿಡ್ಡ. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಚೆನ್ನಾಗಿದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಕಾಲಿನದು ಶೇ.32 ಎಂದಷ್ಟೇ ಇದೆ, ಬಿಳಿ ಪಟ್ಟಿಯ ಕಾರ್ಡು. ಕಣ್ಣಿನ ವಿಭಾಗದಲ್ಲಿ ಕೇಳಿದ್ದಕ್ಕೆ ‘ಒಂದು ಕಣ್ಣಿಗೆ ಶೇ.30, ಅದು 40 ಮುಟ್ಟುವುದಿಲ್ಲ’ ಎಂದು ಬಾಯಿಮಾತಿನಲ್ಲೇ ಹೇಳಿ ಕಳಿಸಿದರಂತೆ. ಎರಡೂ ಕೂಡಿದರೆ 62 ಆಗುವುದಿಲ್ಲವೇ?

ಎರಡನೆಯವರು 38 ವರ್ಷದ ಹೆಂಗಸು. ಕಾರ್ಡಿನಲ್ಲಿ ಶೇ.78 ಇದೆ. ನಾಡಕಚೇರಿಯಲ್ಲಿ ವೇತನಕ್ಕೆ ಅರ್ಜಿ ಹಾಕಿದರೆ ‘ಆದಾಯ ಮಿತಿ ಮೀರಿದೆ’ ಎಂದು ಹಿಂಬರಹ ಬಂದಿದೆ. ಗಂಡ ಕೂಲಿಗೆ ಹೋಗುತ್ತಾರೆ. ಅರ್ಜಿಗೆ ಕೊಟ್ಟ ಆದಾಯ ಪತ್ರ ಮೂರು ವರ್ಷ ಹಿಂದಿನದು, ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು, ಅದರಲ್ಲಿ 40,000 ರೂ. ಎಂದಿದೆ.

ಒಬ್ಬರು ಡಿಸಿ ಕಚೇರಿಗೆ ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಬೆಂಗಳೂರಿಗೆ ಬರೆಯಿರಿ ಅನ್ನುತ್ತಾರೆ. ಇಬ್ಬರಿಗೂ ಓಡಾಡುವುದು ಕಷ್ಟ. ದಯವಿಟ್ಟು ಸರಿಯಾದ ದಾರಿ ತಿಳಿಸಿ.

ಅಳತೆಪಟ್ಟಿ:
ಇವು ಎರಡು ಬೇರೆ ಬೇರೆ ಜಗಳ ಸರ್, ಮೊದಲು ಅದನ್ನು ಬಿಡಿಸಿಕೊಳ್ಳಿ. ಶೇಕಡಾವಾರು ಎಷ್ಟು ಎನ್ನುವುದು ವೈದ್ಯಕೀಯ ಮಂಡಳಿಯ ತೀರ್ಮಾನ. ವೇತನ ಕೊಡಬೇಕೋ ಬೇಡವೋ ಎನ್ನುವುದು ಕಂದಾಯ ಇಲಾಖೆಯ ತೀರ್ಮಾನ. ಡಾಕ್ಟರ ಅಂಕಿಯನ್ನು ತಹಶೀಲ್ದಾರರು ತಿದ್ದಲು ಬರುವುದಿಲ್ಲ, ಆದಾಯದ ತಕರಾರಿಗೆ ಆಸ್ಪತ್ರೆಯಲ್ಲಿ ಉತ್ತರವಿಲ್ಲ. ಜನ ತಿಂಗಳುಗಟ್ಟಲೆ ಕಳೆದುಕೊಳ್ಳುವುದು ಇಲ್ಲೇ. ಆದಾಯದ ವಿಷಯ ಬಲ್ಲವರು ಬೇರೆಯವರಿದ್ದಾರೆ, ನಾನು ಮೊದಲನೆಯವರದ್ದನ್ನು ಮಾತ್ರ ಹೇಳುತ್ತೇನೆ.

62 ಆಗುವುದಿಲ್ಲ. ಆದರೆ 40 ದಾಟುತ್ತದೆ, ಅದೇ ಮುಖ್ಯ. ಒಬ್ಬರಿಗೇ ಎರಡು ವೈಕಲ್ಯ ಇದ್ದಾಗ ಕೇಂದ್ರದ ಮಾರ್ಗಸೂಚಿಯಲ್ಲಿ ಲೆಕ್ಕ ಹೀಗೆ: ದೊಡ್ಡದು ಅ, ಚಿಕ್ಕದು ಬ ಎಂದಿಟ್ಟುಕೊಂಡರೆ, ಅ + ಬ × (90 − ಅ) ÷ 90. ಇವರ ಅಂಕಿ ಹಾಕಿ ನೋಡಿ. 90ರಲ್ಲಿ 32 ಕಳೆದರೆ 58. 30ನ್ನು 58ರಿಂದ ಗುಣಿಸಿ 90ರಿಂದ ಭಾಗಿಸಿದರೆ 19.3. ಅದಕ್ಕೆ 32 ಸೇರಿಸಿದರೆ 51.3. ಮೊದಲ ವೈಕಲ್ಯ ತಿಂದು ಬಿಟ್ಟಿದ್ದರ ಮೇಲೆ ಮಾತ್ರ ಎರಡನೆಯದು ಎಣಿಕೆಗೆ ಬರುತ್ತದೆ, ಅದಕ್ಕೇ ನೇರವಾಗಿ ಕೂಡುವುದಿಲ್ಲ.

ಕಣ್ಣಿನವರು ಹೇಳಿದ ಶೇ.30 ಸರಿಯೇ. ಒಂದು ಕಣ್ಣು ಕನ್ನಡಕ ಹಾಕಿದ ಮೇಲೆ 6/18 (ದೃಷ್ಟಿ ಪರೀಕ್ಷೆಯ ಅಳತೆ) ಅಥವಾ ಅದಕ್ಕಿಂತ ಚೆನ್ನಾಗಿದ್ದು, ಇನ್ನೊಂದಕ್ಕೆ ಬೆಳಕೇ ಕಾಣದಿದ್ದರೆ ಪಟ್ಟಿಯಲ್ಲಿ ಇರುವುದು ಅಷ್ಟೇ. ಆದರೆ ‘40 ಇಲ್ಲ, ಆದ್ದರಿಂದ ದಾಖಲಿಸುವುದಿಲ್ಲ’ ಎಂದು ವಾಪಸ್ ಕಳಿಸಿದ್ದು ತಪ್ಪು. 40 ಬೇಕಾಗಿರುವುದು ಸೌಲಭ್ಯಕ್ಕೆ, ಪ್ರಮಾಣಪತ್ರಕ್ಕಲ್ಲ. ಕಾಲಿನದು ಶೇ.32 ಎಂದು ಕಾರ್ಡು ಕೊಟ್ಟಿಲ್ಲವೇ? ಬಿಳಿ ಪಟ್ಟಿ ಇರುವುದೇ 40ಕ್ಕಿಂತ ಕಡಿಮೆ ಇರುವವರಿಗೆ. 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಿನವರಿಗೆ ನೀಲಿ. ಒಂದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ನಮೂನೆ 6ರಲ್ಲಿ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಮೂಳೆ ತಜ್ಞರೂ ಕಣ್ಣಿನ ತಜ್ಞರೂ ಇರುವ ಮಂಡಳಿ ನೋಡಬೇಕು. ಇವರ ಅರ್ಜಿಯಲ್ಲಿ ಬಹುಶಃ ಚಲನವೈಕಲ್ಯವನ್ನು (ಕೈಕಾಲಿನದನ್ನು) ಮಾತ್ರ ಗುರುತು ಹಾಕಿ ಕಳಿಸಿದ್ದಾರೆ. ಸೈಬರ್ ಸೆಂಟರ್‌ಗಳಲ್ಲಿ ಇದು ದಿನನಿತ್ಯ ಆಗುವ ತಪ್ಪು.

ಕಾಲಿನ 32ನ್ನೂ ಸುಮ್ಮನೆ ಒಪ್ಪಿಕೊಳ್ಳಬೇಡಿ. ಕಾಲು ಗಿಡ್ಡವಾಗಿದ್ದರೆ ಮೊದಲ ಅರ್ಧ ಇಂಚಿಗೆ ಅಂಕ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ ಶೇ.4. ನಿಜಕ್ಕೂ ಎರಡು ಇಂಚು ಇದ್ದರೆ ಅದೊಂದಕ್ಕೇ ಶೇ.12 ಬರಬೇಕು. ಸ್ನಾಯುವಿನ ಬಲದ ಅಂಕ ಬೇರೆ. ಅರ್ಧ ಇಂಚು ತಪ್ಪಿದರೆ ನಾಲ್ಕು ಅಂಕ ಹೋಯಿತು ಎಂದು ತಿಳಿಯಿರಿ. ನಿಲ್ಲಿಸಿ ಕಣ್ಣಂದಾಜಿನಲ್ಲಿ ನೋಡುವುದು ಅಳತೆಯಲ್ಲ. ಮಲಗಿಸಿ, ಸೊಂಟದ ಮುಂದಿನ ಮೂಳೆಯ ಮೊನೆಯಿಂದ ಒಳಗಿನ ಹರಡಿನ ಮೂಳೆವರೆಗೆ ಟೇಪು ಹಿಡಿದು ಎರಡೂ ಕಾಲು ಅಳೆಯಬೇಕು. ಅನುಮಾನ ಇದ್ದರೆ ಸ್ಕ್ಯಾನೋಗ್ರಾಂ ಎಕ್ಸ್‌ರೇ ಮಾಡಿಸಿಕೊಂಡು ಹೋಗಿ, ಅದರಲ್ಲಿ ಉದ್ದ ಅಚ್ಚಾಗಿ ಬರುತ್ತದೆ.

ಹೊಸ ಅರ್ಜಿ ಹಾಕಲು ಹೋಗಬೇಡಿ. ಒಂದು ಆಧಾರಿಗೆ ಒಂದೇ ಯುಡಿಐಡಿ, ಎರಡನೆಯದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರೆಯಬೇಕಾದ್ದು ಮೇಲ್ಮನವಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ ಕಲಂ 59ರಲ್ಲಿ ಪ್ರಮಾಣೀಕರಿಸುವ ಪ್ರಾಧಿಕಾರದ ತೀರ್ಮಾನದ ವಿರುದ್ಧ ಮೇಲ್ಮನವಿಯ ಹಕ್ಕಿದೆ. ತಿರಸ್ಕಾರಕ್ಕೆ ಮಾತ್ರವಲ್ಲ, ಅಂಕಿ ಕಡಿಮೆಯಾದದ್ದಕ್ಕೂ ಅದು ಅನ್ವಯಿಸುತ್ತದೆ. ಯಾರ ಹೆಸರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಮೂಲಕ ಕೇಳಿಸಿದರೆ ಅರ್ಜಿದಾರರು ಜಿಲ್ಲೆಗೆ ಓಡಾಡುವುದು ತಪ್ಪುತ್ತದೆ.

ಪತ್ರ ಒಂದು ಪುಟ ಸಾಕು. ‘ನನಗೆ ಅನ್ಯಾಯವಾಗಿದೆ’ ಎಂದು ಬರೆದರೆ ಓದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಎಡಗಣ್ಣಿನ ದೃಷ್ಟಿನಾಶವನ್ನು ಪರಿಗಣಿಸಿಲ್ಲ, ಬಲಗಾಲಿನ ಉದ್ದದ ವ್ಯತ್ಯಾಸ ಅಳೆದ ದಾಖಲೆ ಇಲ್ಲ, ಎರಡನ್ನೂ ಸೂತ್ರದಂತೆ ಸೇರಿಸಿ ನಮೂನೆ 6ರಲ್ಲಿ ಪ್ರಮಾಣಪತ್ರ ನೀಡಬೇಕು’ ಎಂದು ಮೂರೇ ಸಾಲು. ಜೊತೆಗೆ ಕಾರ್ಡಿನ ನಕಲು, ಕಣ್ಣಿನ ತಪಾಸಣೆ ಚೀಟಿ, ಸ್ಕ್ಯಾನೋಗ್ರಾಂ. ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ಕೈಯಲ್ಲಿರಲಿ.

ಇನ್ನೊಂದು ಮಾತು: ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ನಮೂನೆ 8ರಲ್ಲಿ ಬರಹದಲ್ಲೇ ಕೊಡಬೇಕು ಎಂದು ನಿಯಮವಿದೆ. ಬಾಯಿಮಾತಿಗೆ ಮೇಲ್ಮನವಿ ಹಾಕಲಾಗದು. ಯಾರನ್ನೇ ಆಗಲಿ ‘ಆಗುವುದಿಲ್ಲ’ ಎಂದು ಕಳಿಸಿದರೆ ಆ ಕಾಗದ ಕೇಳಿ ಪಡೆಯಿರಿ.

ಹಳೇ ಹಿಂಬರಹ:
ಎರಡನೆಯ ಅಕ್ಕನವರದ್ದು ಬೇಗ ಬಗೆಹರಿಯುವ ಪ್ರಕರಣ. ಇದಕ್ಕೆ ಮೇಲ್ಮನವಿಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂ. ಮೀರಬಾರದು. ಅವರೇ ಕೊಟ್ಟ ಪತ್ರದಲ್ಲಿ 40,000 ಇದ್ದರೆ ತಿರಸ್ಕರಿಸಿದ ಅಧಿಕಾರಿಯದು ಕಾಗದದ ಮೇಲೆ ಸರಿ. ಮೇಲ್ಮನವಿಯಲ್ಲೂ ಅದೇ ಕಾಗದ ಮುಂದೆ ಬರುತ್ತದೆ, ಸೋಲುತ್ತೀರಿ. ಸ್ಕಾಲರ್‌ಶಿಪ್‌ಗೆ ಮಿತಿ ದೊಡ್ಡದಿರುವುದರಿಂದ ಆಗ ಯಾರೂ ಅಂಕಿಯ ಬಗ್ಗೆ ತಲೆಕೆಡಿಸಿಕೊಂಡಿರುವುದಿಲ್ಲ, ಏನೋ ಒಂದು ಬರೆಸಿರುತ್ತಾರೆ. ಆದಾಯ ಪತ್ರಕ್ಕೆ 5 ವರ್ಷ ಬಾಳಿಕೆ ಇರುವುದರಿಂದ ಅದೇ ಆರ್‌ಡಿ ಸಂಖ್ಯೆ (ಪತ್ರದ ಮೇಲಿನ ಸಂಖ್ಯೆ) ಎಲ್ಲ ಕಡೆ ಎದುರಾಗುತ್ತದೆ.

ಆದ್ದರಿಂದ ಮೊದಲು ಹೊಸ ಆದಾಯ ಪತ್ರಕ್ಕೆ ಅರ್ಜಿ ಹಾಕಿಸಿ. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ಇರುವುದನ್ನು ಇರುವಂತೆಯೇ ಹೇಳಲಿ: ವರ್ಷಕ್ಕೆ ಎಷ್ಟು ದಿನ ಕೂಲಿ ಸಿಗುತ್ತದೆ, ಜಮೀನು ಎಷ್ಟು, ಪಹಣಿ ಯಾರ ಹೆಸರಲ್ಲಿದೆ, ಪಡಿತರ ಚೀಟಿ ಯಾವುದು. ಮಾವನ ಹೆಸರಿನ ಪಹಣಿ, ಬೇರೆ ಒಲೆ ಹೂಡಿದ ಮೈದುನನ ಸಂಬಳ ಇವೆಲ್ಲ ಒಂದೇ ಕುಟುಂಬದ ಲೆಕ್ಕಕ್ಕೆ ಸೇರಿ ಆದಾಯ ಏರುವುದು ಬಹಳ ಕಡೆ ಆಗುತ್ತದೆ. ಪಡಿತರ ಚೀಟಿಯಲ್ಲಿ ಇನ್ನೂ ಒಟ್ಟಿಗೇ ಇದ್ದರೆ ಮೊದಲು ಅದನ್ನು ಬೇರೆ ಮಾಡಿಸಬೇಕು. ನಿಜವಾದ ಆದಾಯ 32,000 ದಾಟಿದ್ದರೆ ಸುಳ್ಳು ಬರೆಸಬೇಡಿ, ಪರಿಶೀಲನೆಯಲ್ಲಿ ಸಿಕ್ಕರೆ ಬರುತ್ತಿರುವ ವೇತನವೂ ನಿಲ್ಲುತ್ತದೆ.

ಹೊಸ ಪತ್ರ ಬಂದ ಮೇಲೆ ವೇತನದ ಅರ್ಜಿಯನ್ನು ನಾಡಕಚೇರಿಯಲ್ಲಿ ಹೊಸದಾಗಿ ಹಾಕಿ. ಶೇ.40ರಿಂದ 75ರವರೆಗೆ ತಿಂಗಳಿಗೆ 800 ರೂ., 75ಕ್ಕಿಂತ ಹೆಚ್ಚಿದ್ದರೆ 1,400 ರೂ. ಈ ಅಕ್ಕನಿಗೆ 1,400 ಬರಬೇಕು. ಮಂಜೂರಾತಿ ಆದೇಶದಲ್ಲಿ 800 ಎಂದು ಬಂದರೆ ಅಂದೇ ತಕರಾರು ಬರೆದುಕೊಡಿ. ವಿಧವಾ ವೇತನದಂಥ ಬೇರೆ ಮಾಸಾಶನ ಬರುತ್ತಿದ್ದರೆ ಇದು ಸಿಗುವುದಿಲ್ಲ.

ಕಾಗದ ಎಲ್ಲ ಸರಿಯಿದ್ದೂ ತಿರಸ್ಕರಿಸಿದರೆ ಆಗ ಸಕಾಲ, ಅಂದರೆ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ. ಅರ್ಜಿ ಹಾಕಿದಾಗ ಕೊಡುವ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಅರ್ಜಿಯ ಸಕಾಲ ಸಂಖ್ಯೆ) ಇರುತ್ತದೆ, ವಿಲೇವಾರಿಯ ಕೊನೆಯ ದಿನವೂ ಅದರಲ್ಲೇ ಇರುತ್ತದೆ. ತಿರಸ್ಕಾರವಾದ ಅಥವಾ ಆ ದಿನ ದಾಟಿದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಆ ಅಧಿಕಾರಿ ಯಾರು ಎಂಬುದು ನಾಡಕಚೇರಿಯ ಗೋಡೆಯ ಸಕಾಲ ಫಲಕದಲ್ಲಿರುತ್ತದೆ. ಅಲ್ಲಿಯೂ ಆಗದಿದ್ದರೆ ಅವರ ಮೇಲಿನ ಮೇಲ್ಮನವಿ ಪ್ರಾಧಿಕಾರ. ತಡವಾದ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವೂ ಕಾಯ್ದೆಯಲ್ಲಿದೆ. ಆ ಹಣಕ್ಕಿಂತ, ತಡವಾದದ್ದು ಕಡತದಲ್ಲಿ ದಾಖಲಾಗುವುದೇ ಹೆಚ್ಚು ಕೆಲಸ ಮಾಡುತ್ತದೆ.

ಕೆರೆಏರಿ:
ತುಂಬಾ ಉಪಕಾರವಾಯಿತು. ಪಡಿತರ ಚೀಟಿ ಮೈದುನನ ಜೊತೆ ಇನ್ನೂ ಒಂದೇ ಇದೆಯಂತೆ, ಈಗ ಅರ್ಥವಾಯಿತು. ಹಾಗಾದರೆ ಬೆಂಗಳೂರಿನ ಆಯುಕ್ತರಿಗೆ ಬರೆಯುವುದರಿಂದ ಏನೂ ಪ್ರಯೋಜನವಿಲ್ಲವೇ? ವಕೀಲರನ್ನು ಹಿಡಿಯುವಷ್ಟು ಶಕ್ತಿ ಇಬ್ಬರಿಗೂ ಇಲ್ಲ.

ಬಯಲುಸೀಮೆ:
ಪ್ರಯೋಜನವಿದೆ, ಆದರೆ ಈಗಲ್ಲ. ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು ಶೇ.32ನ್ನು 51 ಮಾಡಿಕೊಡುವುದಿಲ್ಲ. ಮೇಲ್ಮನವಿ ತೆಗೆದುಕೊಳ್ಳದೆ ಅಲೆಸಿದರೆ, ಕಾರಣವನ್ನು ಬರಹದಲ್ಲಿ ಕೊಡದಿದ್ದರೆ, ಆಗ ಅವರಿಗೆ ದೂರು ಕೊಡಿ. ಅಧಿಕಾರಿಗಳನ್ನು ಕರೆಸಲು, ಕಡತ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮವಾಯಿತು ಎಂದು ಸಂಬಂಧಪಟ್ಟವರು 3 ತಿಂಗಳೊಳಗೆ ತಿಳಿಸಬೇಕು. ದೂರಿನ ಜೊತೆ ಮೊಹರು ಬಿದ್ದ ಪ್ರತಿ ಇಲ್ಲದಿದ್ದರೆ ಮತ್ತೆ ಮೊದಲಿಂದ ಶುರುವಾಗುತ್ತದೆ.

ವಕೀಲರಿಗೆ ದುಡ್ಡು ಬೇಡ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರ ಕಲಂ 12ರ ಪ್ರಕಾರ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಯುಡಿಐಡಿ ನಕಲು ಹಿಡಿದು ಹೋದರೆ ಸಾಕು. ಫೋನಿನಲ್ಲಾದರೆ 15100.

ಮೊದಲನೆಯವರಿಗೆ ಮಂಡಳಿ ಏನು ಅಳೆಯಿತು ಎಂದು ಗೊತ್ತಿಲ್ಲದೆ ಮೇಲ್ಮನವಿ ಬರೆಯುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಆಸ್ಪತ್ರೆಗೆ ಮಾಹಿತಿ ಹಕ್ಕಿನಲ್ಲಿ ‘ನನ್ನ ವೈಕಲ್ಯ ಮೌಲ್ಯಮಾಪನ ಹಾಳೆಯ ದೃಢೀಕೃತ ಪ್ರತಿ’ ಎಂದು ಕೇಳಲಿ. ಶುಲ್ಕ 10 ರೂ., ಬಿಪಿಎಲ್ ಚೀಟಿಯ ನಕಲು ಇಟ್ಟರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಆದ್ದರಿಂದ ಬೇರೆ ಪ್ರಶ್ನೆ ಸೇರಿಸಬೇಡಿ. ಆದರೆ ಆ ಉತ್ತರ ಕಾಯುತ್ತಾ ಮೇಲ್ಮನವಿಯ ಗಡುವು ಕಳೆಯಬಾರದು. ಮೇಲ್ಮನವಿ ಹಾಕಿಬಿಟ್ಟು, ಹಾಳೆ ಬಂದ ಮೇಲೆ ಹೆಚ್ಚುವರಿ ದಾಖಲೆ ಎಂದು ಸೇರಿಸಿದರೂ ನಡೆಯುತ್ತದೆ.

ಮಂಜೂರಾದ ಮೇಲೂ ಹಣ ಬರಲಿಲ್ಲ ಎಂದು ಬರುವವರು ಬಹಳ ಜನ. ಆಧಾರ್ ಸಂಖ್ಯೆ ಬ್ಯಾಂಕಿಗೆ ಕೊಟ್ಟಿದ್ದೇವೆ ಎನ್ನುತ್ತಾರೆ, ಅದು ಕೆವೈಸಿ (ಗುರುತಿನ ದಾಖಲೆ) ಮಾತ್ರ. ಸರ್ಕಾರದ ಹಣ ಬೀಳಲು ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರುವ ಹಣ ಯಾವ ಖಾತೆಗೆ ಎಂಬ ಜೋಡಣೆ) ಆಗಿರಬೇಕು, ಅದು ಒಂದು ಸಲಕ್ಕೆ ಒಂದೇ ಖಾತೆಗೆ ಇರುತ್ತದೆ. ಎಲ್ಲೋ ಮೇಳದಲ್ಲಿ ಇನ್ನೊಂದು ಖಾತೆ ತೆರೆಸಿ ಆಧಾರ್ ಒತ್ತಿಸಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ತೋರಿಸುತ್ತದೆ. ಯುಡಿಐಡಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇದೆಯೇ ಎಂದು ಅರ್ಜಿ ಹಾಕುವ ಮೊದಲೇ ಪಕ್ಕಪಕ್ಕ ಇಟ್ಟು ನೋಡಿ. ಅಕ್ಕನವರ ಕಾರ್ಡು ತಾತ್ಕಾಲಿಕವೋ ಕಾಯಂ ಆದದ್ದೋ ಎಂಬುದನ್ನೂ ಆಗಲೇ ಗಮನಿಸಿ. ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿಯುವ ಮೂರ್ನಾಲ್ಕು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿಸಿ.